ಬೆಳಗಿನ ಜಾವ ನಿಲ್ಲುವ ಗಡಿಯಾರ: ಮನೆಯಲ್ಲೇ ಮಾಡಿದ ಡೇಟಾ ಲಾಗರ್ ಮಲೆನಾಡಿನ ತೇವಕ್ಕೆ ಕೈಕೊಟ್ಟರೆ ಹುಡುಕುವುದು ಹೇಗೆ

ಮೇಜಿನ ಮೇಲೆ ಹದಿನೈದು ದಿನ ಒಂದು ತಪ್ಪೂ ಇಲ್ಲದೆ ಓಡಿದ ಡೇಟಾ ಲಾಗರ್ ಬೋರ್ಡು (ತಾಪ, ತೇವ, ಮಳೆಯನ್ನು ಹೊತ್ತಿನ ಸಮೇತ ಬರೆದಿಡುವ ಸಾಧನ) ತೋಟಕ್ಕೆ ಹೋದ ಮೂರನೇ ದಿನವೇ ತಪ್ಪು ಲೆಕ್ಕ ಕೊಡಲು ಶುರು ಮಾಡಿದರೆ ಮೊದಲು ಅನುಮಾನ ಬರುವುದು ಕೋಡ್ ಮೇಲೆ. ನನಗೂ ಹಾಗೇ ಆಯಿತು. ನಾಲ್ಕು ರಾತ್ರಿ ಕೋಡ್ ತಿದ್ದಿದೆ. ತಪ್ಪು ಇದ್ದದ್ದು ಕೋಡಿನಲ್ಲಿ ಅಲ್ಲ, ಗಡಿಯಾರದ ಚಿಪ್ಪಿಗೆ ಸೇರಿದ ಕ್ರಿಸ್ಟಲ್‌ನ ಎರಡು ಕಾಲುಗಳ ನಡುವೆ ನಾನೇ ಬಿಟ್ಟಿದ್ದ ಫ್ಲಕ್ಸ್, ಅಂದರೆ ಬೆಸುಗೆಗೆ ಬಳಸುವ ಅಂಟಿನಲ್ಲಿ. ಅದನ್ನು ಹುಡುಕಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇಂಥದ್ದು ಮಾಡಿ ತೋಟಕ್ಕೆ ಇಡುವವರಿಗೆ ಇದು ಖಂಡಿತ ಎದುರಾಗುತ್ತದೆ.

ಮೊದಲು ಬೋರ್ಡಿನ ವಿಷಯ. ಎಲ್ಲವನ್ನೂ ನಡೆಸುವ ಮೈಕ್ರೋಕಂಟ್ರೋಲರ್ ಚಿಪ್ಪು ಎಟಿಮೆಗಾ328ಪಿ, 28 ಕಾಲಿನದು, 16 ಮೆಗಾಹರ್ಟ್ಸ್ ಕ್ರಿಸ್ಟಲ್, 5 ವೋಲ್ಟ್. ಸಮಯಕ್ಕೆ ಡಿಎಸ್1307 ಚಿಪ್ಪು, ಅದರ ಪಕ್ಕ 32.768 ಕಿಲೋಹರ್ಟ್ಸ್‌ನ ಕಂಪಿಸುತ್ತಾ ಗಡಿಯಾರಕ್ಕೆ ತಾಳ ಕೊಡುವ ಸಣ್ಣ ಕೊಳವೆಯಂಥ ಕ್ರಿಸ್ಟಲ್, ಒಂದು ಬಟನ್ ಸೆಲ್. ಬರೆದಿಡಲು ಮೈಕ್ರೋ ಎಸ್‌ಡಿ ಕಾರ್ಡ್. ತಾಪ ಮತ್ತು ತೇವಾಂಶಕ್ಕೆ ಡಿಎಚ್‌ಟಿ22 ಸಂವೇದಕ, ಮಳೆಗೆ ಬಕೆಟ್ ಮಗುಚುವ ಮಳೆಮಾಪಕ. ಎಲ್ಲಕ್ಕೂ 12 ವೋಲ್ಟ್ ಬ್ಯಾಟರಿ, ಅದನ್ನು 5 ವೋಲ್ಟ್‌ಗೆ ಇಳಿಸುವ 7805 ರೆಗ್ಯುಲೇಟರ್. ಬೋರ್ಡನ್ನು ನಾನೇ ಮಾಡಿದ್ದು. ಲೇಸರ್ ಪ್ರಿಂಟ್ ತೆಗೆದು ಇಸ್ತ್ರಿ ಪೆಟ್ಟಿಗೆಯಿಂದ ತಾಮ್ರದ ಹಾಳೆಗೆ ಇಳಿಸಿ, ಬೇಡದ ತಾಮ್ರ ಕರಗಿಸಲು ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ.

ಯಾಕೆ ಬೇಕಿತ್ತು ಅಂದರೆ ಕೊಳೆರೋಗ. ಮಳೆ ಬಿಡದೆ ಹೊಡೆದು, ಗಾಳಿಯಲ್ಲಿ ತೇವ ನಿಂತರೆ ಅಡಿಕೆ ಗೊನೆಗೆ ಕೊಳೆ ಹತ್ತುತ್ತದೆ. ಮಳೆಗಾಲಕ್ಕೆ ಮೊದಲು ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ನೀರು) ಹೊಡೆದು, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುವುದು ರೂಢಿ. ಎರಡನೇ ಸಲದ್ದು ಯಾವಾಗ ಅನ್ನುವುದು ಪ್ರತಿ ವರ್ಷ ಮನೆಯಲ್ಲಿ ಚರ್ಚೆ. ಸರ್ಕಾರದ ಮಳೆಮಾಪಕಗಳು ಹತ್ತಿರದ ಊರುಗಳಲ್ಲಿವೆ, ನಿಜ. ಆದರೆ ನಮ್ಮ ಕಡೆ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯ ಲೆಕ್ಕವನ್ನು ಕೆಳಗಿನ ತೋಟಕ್ಕೆ ಹಾಕಲು ಆಗುವುದಿಲ್ಲ. ನಮ್ಮ ತೋಟದ ಅಂಕಿ ನಮ್ಮ ತೋಟದಲ್ಲೇ ಸಿಗಬೇಕು. ಹಾಗಾಗಿ ಅಂಕಿ ತಪ್ಪಾದರೆ ನನಗೆ ಸುಮ್ನೆ ಬಿಡಲು ಆಗುತ್ತಿರಲಿಲ್ಲ.

ಲಕ್ಷಣ ಏನು

ಸೆಪ್ಟೆಂಬರ್ ಕೊನೆ. ಹಗಲು ಬಿಸಿಲು, ರಾತ್ರಿ ತಿಳಿ ಆಕಾಶ, ಬೆಳಗಿನ ಜಾವ ತೋಟದ ತುಂಬ ಮಂಜು. ಒಂದು ವಾರದ ಫೈಲು ತೆಗೆದು ಗ್ರಾಫ್ ಹಾಕಿದೆ. ಒಂದು ದಿನ ಅತಿ ಹೆಚ್ಚು ತಾಪ ಬಂದದ್ದು ರಾತ್ರಿ ಎರಡು ಗಂಟೆಗೆ! ಸಂವೇದಕ ಕೆಟ್ಟಿದೆ ಅಂದುಕೊಂಡೆ. ಆದರೆ ತಾಪ ಏರುವುದು ಇಳಿಯುವುದು ಚೆನ್ನಾಗೇ ಇತ್ತು, ಗೆರೆ ನಯವಾಗಿತ್ತು, ಬರೀ ಜಾಗ ತಪ್ಪಿತ್ತು. ಅಳತೆ ಸರಿ ಇದ್ದು ಸಮಯ ತಪ್ಪಾಗಿದೆ ಅನ್ನುವುದಕ್ಕೆ ಇದೇ ಗುರುತು.

ಇಲ್ಲಿ ಒಂದು ಮಾತು. ದೋಷ ಹುಡುಕುವಾಗ ಮಲ್ಟಿಮೀಟರ್ ಎತ್ತುವ ಮೊದಲು ಲಾಗ್ ಫೈಲನ್ನೇ ಕಣ್ಣಲ್ಲಿ ಓದಿ. ಗ್ರಾಫ್ ಅಲ್ಲ, ಸಾಲು ಸಾಲು. ಬೋರ್ಡು ಒಬ್ಬಂಟಿಯಾಗಿ ತೋಟದಲ್ಲಿ ಇದ್ದಾಗ ಏನಾಯಿತು ಅನ್ನುವುದಕ್ಕೆ ಸಾಕ್ಷಿ ಅದೊಂದೇ.

ತಪ್ಪು ಶುರುವಾದ ಮೊದಲ ದಿನದ ಫೈಲಿನಲ್ಲಿ ಸಮಯದ ಕಾಲಂ ಹೀಗಿತ್ತು: 02:31, 02:41, 02:51, 03:01, 03:09, 03:12, 03:12, 03:12, 03:12. ಹೀಗೇ ಹತ್ತಾರು ಸಾಲು 03:12. ಆಮೇಲೆ 03:18, 03:28, ಮತ್ತೆ ಎಂದಿನಂತೆ. ಬ್ಯಾಟರಿ ಉಳಿಸಲು ಮಲಗಿ, ಎದ್ದಾಗಲೊಂದು ಸಾಲು ಬರೆಯುವ ನನ್ನ ಬೋರ್ಡು ನಿದ್ದೆಯಿಂದ ಏಳುವುದು ಗಡಿಯಾರದ ಚಿಪ್ಪಿನಿಂದ ಅಲ್ಲ, ಮೈಕ್ರೋಕಂಟ್ರೋಲರ್ ಒಳಗಿನ ವಾಚ್‌ಡಾಗ್ ಟೈಮರ್‌ನಿಂದ. 8 ಸೆಕೆಂಡಿನ 75 ನಿದ್ದೆ ಸೇರಿಸಿದರೆ 10 ನಿಮಿಷ. ಅದಕ್ಕೇ ಗಡಿಯಾರ ನಿಂತರೂ ಸಾಲುಗಳು ಬರುತ್ತಲೇ ಇದ್ದವು. ಏಳುವುದಕ್ಕೂ ಗಡಿಯಾರವನ್ನೇ ನಂಬಿದ್ದರೆ ಗಡಿಯಾರ ನಿಂತಿದ್ದ ಆ ಮೂರು ಗಂಟೆಗಳ ಕಾಲ ಫೈಲಿನಲ್ಲಿ ಏನೂ ಇರುತ್ತಿರಲಿಲ್ಲ, ಈ ದೋಷ ಇನ್ನೂ ಕಷ್ಟವಾಗುತ್ತಿತ್ತು.

ಆದರೂ ನಾನು ದಾರಿ ತಪ್ಪಿದೆ. ಯಾಕೆಂದರೆ ಮೊದಲ ದಿನ ನಿಂತದ್ದು 03:12ಕ್ಕೆ. ಮರುದಿನದ ಫೈಲಿನಲ್ಲಿ 00:12ರ ಹತ್ತಿರ. ಅದೇ ತಾರೀಖಿನಲ್ಲಿ 21:12ರ ಹತ್ತಿರ ಇನ್ನೊಂದು ಸಲ. ಅದರ ಮರುದಿನ ಸಂಜೆ ಆರೂಕಾಲಿಗೆ. ಹೊತ್ತುಗೊತ್ತಿಲ್ಲದೆ ನಿಲ್ಲುತ್ತಿದೆ, ಇದು ಕೋಡಿನದೇ ಕೆಲಸ ಅಂತ ತೀರ್ಮಾನ ಮಾಡಿಬಿಟ್ಟೆ. ಆಮೇಲೆ ಒಂದು ದಿನ ಸುಮ್ನೆ ಸಾಲು ಎಣಿಸಿದೆ. ಒಂದು ನಿಲುಗಡೆಯಿಂದ ಮುಂದಿನ ನಿಲುಗಡೆಗೆ 141 ಸಾಲು. ಮುಂದಿನದ್ದಕ್ಕೂ 141ರ ಆಸುಪಾಸು.

ಮೇಜಿನ ಮೇಲೆ ಸರಿಯಾಗಿ ಓಡುತ್ತಿದ್ದಾಗ ಒಂದು ದಿನಕ್ಕೆ ಬರುತ್ತಿದ್ದದ್ದೂ 141 ಸಾಲೇ. ಲೆಕ್ಕದ ಪ್ರಕಾರ 144 ಬರಬೇಕು, ಆದರೆ ವಾಚ್‌ಡಾಗ್ ಅಷ್ಟು ಕರಾರುವಾಕ್ಕಲ್ಲ, ಶೇಕಡಾ ಕೆಲವು ಹಿಂದೆ ಮುಂದೆ ಇರುತ್ತದೆ. ಅಂದರೆ ಗಡಿಯಾರ ನಿಲ್ಲುತ್ತಿದ್ದದ್ದು ಸರಿಯಾಗಿ 24 ಗಂಟೆಗೊಮ್ಮೆ, ಪ್ರತಿದಿನ ಅದೇ ಹೊತ್ತಿಗೆ. ಪ್ರತಿ ಸಲ ಮೂರು ಗಂಟೆ ನಿಂತು ಹಿಂದೆ ಬೀಳುವುದರಿಂದ, ಅದೇ ಬೆಳಗಿನ ಜಾವ ಅದರ ಲೆಕ್ಕದಲ್ಲಿ ಒಂದು ದಿನ ನಡುರಾತ್ರಿ, ಇನ್ನೊಂದು ದಿನ ಊಟದ ಹೊತ್ತು, ಮತ್ತೊಂದು ದಿನ ಸಂಜೆ. ನಾಲ್ಕು ದಿನಕ್ಕೆ 12 ಗಂಟೆ ಹಿಂದೆ ಬಿತ್ತು. ಮಧ್ಯಾಹ್ನ ಎರಡರ ಬಿಸಿಲು ರಾತ್ರಿ ಎರಡಕ್ಕೆ ಕೂತಿತು.

ಹಾಳಾದ ಗಡಿಯಾರದ ಸಮಯ ಇಟ್ಟುಕೊಂಡು ಆ ಗಡಿಯಾರದ ದೋಷ ಹುಡುಕಬೇಡಿ. ಸಾಲು ಎಣಿಸಿ. ಇದಕ್ಕೇ ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಬರೆಯುವುದು ಒಳ್ಳೆಯದು, ನಾನು ಈಗ ಹಾಗೇ ಮಾಡುತ್ತೇನೆ.

ಬೆಳಗಿನ ಜಾವ ಏನು ವಿಶೇಷ ಅಂತ ಯೋಚಿಸುತ್ತಿರುವಾಗ ಅಪ್ಪಯ್ಯ ಫೋನಿನಲ್ಲಿ ಹೇಳಿದರು, "ಬೆಳಿಗ್ಗೆ ಹಾಲು ಕರೆದು ಬರುವಾಗ ನಿನ್ನ ಪೆಟ್ಟಿಗೆ ನೋಡಿದೆ ಮಾರಾಯ, ಮುಚ್ಚಳದ ಒಳಗಡೆ ಪೂರ್ತಿ ಬೆವರಿದೆ." ನೀರು ಹೋಗಬಾರದು ಅಂತ ರಬ್ಬರ್ ಪಟ್ಟಿ ಹಾಕಿ ಬಿಗಿದ ಪೆಟ್ಟಿಗೆ ಅದು. ಮಳೆ ನೀರು ಹೋಗಿರಲಿಲ್ಲ. ಹಗಲು ಪೆಟ್ಟಿಗೆ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ ಸಂದಿಯಲ್ಲಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ತೋಟದ ತೇವದ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ಅತಿ ತಣ್ಣಗೆ, ಆಗ ಆ ತೇವ ಹನಿಯಾಗುತ್ತದೆ.

ಮೇಜಿನ ಮೇಲೆ ಬೆಳಗಿನ ಜಾವವನ್ನು ತರುವುದು

ಇಡೀ ಹುಡುಕಾಟದಲ್ಲಿ ನನಗೆ ಮುಖ್ಯ ಅನಿಸುವುದು ಈ ಭಾಗ. ದೋಷ ಕಣ್ಣೆದುರು ಬರುವವರೆಗೆ ಏನನ್ನೂ ಬದಲಿಸಬೇಡಿ. ಬೋರ್ಡನ್ನು ನಾನಿರುವ ಶಿವಮೊಗ್ಗಕ್ಕೆ ತಂದರೆ ಅದು ಒಣಗುತ್ತದೆ, ಒಣಗಿದರೆ ಸರಿಯಾಗುತ್ತದೆ. ಆಗ ನೀವು ಏನು ಮುಟ್ಟಿದ್ದರೂ ಅದರಿಂದಲೇ ಸರಿಯಾಯಿತು ಅನಿಸುತ್ತದೆ. ಮತ್ತೆ ತೋಟಕ್ಕೆ ಒಯ್ದರೆ ಅದೇ ಕಥೆ.

ಡಿಎಸ್1307ರ 7ನೇ ಕಾಲಿನಲ್ಲಿ ಸೆಕೆಂಡಿಗೆ ಒಂದು ಸಲ ಏರಿಳಿಯುವ ಸಂಕೇತ ಬರುವ ಹಾಗೆ ಮಾಡಬಹುದು, ನಿಯಂತ್ರಣ ರಿಜಿಸ್ಟರ್‌ಗೆ (ಚಿಪ್ಪಿನೊಳಗೆ ಸೆಟ್ಟಿಂಗ್ ಬರೆಯುವ ಜಾಗ) 0x10 ಅಂತ ಬರೆದರೆ ಸಾಕು. 5 ವೋಲ್ಟ್‌ನಿಂದ 1 ಕಿಲೋಓಮ್ ರೆಸಿಸ್ಟರ್, ಒಂದು ಎಲ್‌ಇಡಿ, ಅಲ್ಲಿಂದ 7ನೇ ಕಾಲಿಗೆ. ಗಡಿಯಾರ ಓಡುತ್ತಿದ್ದರೆ ದೀಪ ಟಕ್ ಟಕ್ ಅಂತ ಮಿನುಗುತ್ತದೆ.

ದೀಪ ಮಿನುಗುತ್ತಿರುವಾಗ ಬೋರ್ಡನ್ನು ಬಾಯಿ ಹತ್ತಿರ ಹಿಡಿದು, ಚಳಿಗಾಲದಲ್ಲಿ ಕನ್ನಡಿಗೆ ಊದುವ ಹಾಗೆ ಬಿಸಿ ಉಸಿರು ಬಿಟ್ಟೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ಕ್ರಿಸ್ಟಲ್‌ನ ಬುಡಕ್ಕೇ ಊದಿದೆ. ಅದರ ಬೆಳ್ಳಿ ಮೈ ಮಸುಕಾಯಿತು. ದೀಪ ಇನ್ನೆರಡು ಸಲ ಮಿನುಗಿ ಹೊತ್ತಿಕೊಂಡೇ ನಿಂತಿತು. ಕೈಯಲ್ಲಿ ಹಿಡಿದುಕೊಂಡೇ ಕಾದೆ. ಮಸುಕು ಅಂಚಿನಿಂದ ಒಳಗೆ ಆರುತ್ತಾ ಬಂತು, ಪೂರ್ತಿ ಆರಿ ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಮಿನುಗಲು ಶುರು. ನಾಲ್ಕು ರಾತ್ರಿಯ ಹುಡುಕಾಟ ಆ ಒಂದು ನಿಮಿಷದಲ್ಲಿ ಮುಗಿಯಿತು. ಮತ್ತೆ ಊದಿದೆ, ಮತ್ತೆ ನಿಂತಿತು. ಐದು ಸಲಕ್ಕೆ ಐದು ಸಲ.

ಉಸಿರು ಸಾಲದಿದ್ದರೆ ಬೋರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರಿಜ್‌ನಲ್ಲಿ ಕಾಲು ಗಂಟೆ ಇಡಿ. ಫ್ರೀಜರ್ ಬೇಡ. ಹೊರಗೆ ತೆಗೆದು ಅಡುಗೆಮನೆಯಲ್ಲಿ ಕವರು ಬಿಚ್ಚಿದರೆ ಬೋರ್ಡಿನ ಮೇಲೆಲ್ಲ ಇಬ್ಬನಿ ಕೂರುತ್ತದೆ. ತೋಟದಲ್ಲಿ ಆಗುವುದೂ ಇದೇ.

ಕ್ರಿಸ್ಟಲ್ ಕಾಲಿಗೆ ಮಲ್ಟಿಮೀಟರ್ ಅಥವಾ ಸ್ಕೋಪಿನ ತುದಿ ಇಟ್ಟು ನೋಡಬೇಡಿ. ಆ ತುದಿಯ ಭಾರಕ್ಕೇ ಕ್ರಿಸ್ಟಲ್ ನಿಂತುಬಿಡಬಹುದು, ಆಗ ಇಲ್ಲದ ದೋಷ ಕಾಣುತ್ತದೆ. ಅದರ ಬದಲು ಕರೆಂಟು ತೆಗೆದು, ಬಟನ್ ಸೆಲ್ ತೆಗೆದು, ಚಿಪ್ಪನ್ನು ಸಾಕೆಟ್‌ನಿಂದ ಎತ್ತಿ, ಖಾಲಿ ಸಾಕೆಟ್‌ನ 1 ಮತ್ತು 2ನೇ ಕಾಲಿನ ನಡುವೆ ಮಲ್ಟಿಮೀಟರ್‌ನ 20 ಮೆಗಾಓಮ್ ಅಳತೆಯಲ್ಲಿ ನೋಡಿ. ಕ್ರಿಸ್ಟಲ್ ಡಿಸಿ ಕರೆಂಟ್ ಬಿಡುವುದಿಲ್ಲ, ಅದು ಅಲ್ಲೇ ಇದ್ದರೂ ಪರವಾಗಿಲ್ಲ. ಒಣಗಿದ್ದಾಗ ಮೀಟರ್ ಏನೂ ತೋರಿಸಬಾರದು. ನನ್ನದು ಒಣಗಿದ್ದಾಗ ಏನೂ ತೋರಿಸಲಿಲ್ಲ, ಊದಿದ ಕೂಡಲೇ 6 ಮೆಗಾಓಮ್‌ಗೆ ಬಂತು. 2 ಮತ್ತು 3ರ ನಡುವೆಯೂ ನೋಡಿ. 3ನೇ ಕಾಲು ಸೆಲ್‌ನದು, ಕ್ರಿಸ್ಟಲ್ ಕಾಲಿನ ಪಕ್ಕದಲ್ಲೇ ಇದೆ.

6 ಮೆಗಾಓಮ್ ಅಂದರೆ ಬೇರೆ ಎಲ್ಲಿಯೂ ಲೆಕ್ಕಕ್ಕೇ ಇಲ್ಲದ ಸೋರಿಕೆ. ರೀಸೆಟ್ ಕಾಲಿಗೆ 10 ಕಿಲೋಓಮ್ ಇದೆ, ಅದಕ್ಕೆ ಇದು ಗೊತ್ತೂ ಆಗುವುದಿಲ್ಲ. ಆದರೆ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಬಹಳ ಸಣ್ಣ ಶಕ್ತಿಯಲ್ಲಿ ಕಂಪಿಸುತ್ತದೆ, ಬಟನ್ ಸೆಲ್ ವರ್ಷಗಟ್ಟಲೆ ಬರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಅಷ್ಟು ಮೆಲ್ಲಗಿನ ಕಂಪನಕ್ಕೆ ಇಷ್ಟು ಸೋರಿಕೆ ಸಾಕು. ಇನ್ನೊಂದು ತೊಂದರೆ, ಡಿಎಸ್1307 ನಿಂತು ಮತ್ತೆ ಓಡಿದರೆ ಅದರ ಗುರುತು ಎಲ್ಲೂ ಉಳಿಯುವುದಿಲ್ಲ. ಬಿಟ್ಟಲ್ಲಿಂದ ಮುಂದುವರಿಸುತ್ತದೆ, ಅಷ್ಟೆ. ಡಿಎಸ್3231ರಲ್ಲಿ ನಿಂತಿತ್ತು ಅಂತ ಹೇಳುವ ಒಂದು ಬಿಟ್ ಇದೆ.

ಸೋರಿಕೆ ಎಲ್ಲಿಂದ ಬಂತು

ಭೂತಗನ್ನಡಿ ಹಿಡಿದು ನೋಡಿದರೆ ಕ್ರಿಸ್ಟಲ್‌ನ ಎರಡು ಬೆಸುಗೆಗಳ ನಡುವೆ ಜೇನಿನ ಬಣ್ಣದ ತೆಳು ಪದರ. ಬೆಸುಗೆ ತಂತಿಯ ಫ್ಲಕ್ಸ್ ಅದು. ಜೊತೆಗೆ ಪೇಸ್ಟ್ ಫ್ಲಕ್ಸ್ ಕೂಡ ಹಚ್ಚಿದ್ದೆ. ಅದರ ಅಂಚಿನಲ್ಲಿ ತಾಮ್ರ ತುಸು ಹಸಿರಾಗಿತ್ತು, ಹಳೇ ಹಂಡೆಗೆ ಕಿಲುಬು ಹಿಡಿಯುವ ಹಾಗೆ. ಫೆರಿಕ್ ಕ್ಲೋರೈಡ್‌ನಿಂದ ತೆಗೆದ ಮೇಲೆ ಬೋರ್ಡನ್ನು ಸರಿಯಾಗಿ ತೊಳೆಯದಿದ್ದರೂ ಹೀಗೇ ಆಗುತ್ತದೆ, ಉಳಿದ ಉಪ್ಪು ತೇವ ಹೀರುತ್ತದೆ. ಅಗ್ಗದ ಕಂದು ಫಿನಾಲಿಕ್ ಬೋರ್ಡು ತಾನೇ ನೀರು ಹೀರುತ್ತದೆ. ಮಲೆನಾಡಿಗೆ ಅದು ಬೇಡವೇ ಬೇಡ, ಗಾಜಿನ ನಾರಿನ ಎಫ್‌ಆರ್4 ತೆಗೆದುಕೊಳ್ಳಿ. ಇನ್ನೊಂದು, ಬೋರ್ಡೋ ಹೊಡೆಯುವ ದಿನ ಪೆಟ್ಟಿಗೆಯ ಮೇಲೆ ಗೋಣಿ ಹೊದಿಸಿ ಅಥವಾ ಒಳಗೆ ತನ್ನಿ. ಮೈಲುತುತ್ತದ ತುಂತುರು ಕನೆಕ್ಟರ್ ಮೇಲೆ ಬಿದ್ದರೆ ಅದೂ ಸೋರುತ್ತದೆ, ಲೋಹವನ್ನೂ ತಿನ್ನುತ್ತದೆ.

ಸರಿಮಾಡಿದ್ದು ಹೀಗೆ. ಚಿಪ್ಪು, ಸೆಲ್, ಕಾರ್ಡ್ ತೆಗೆದು ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ಒಂದು ಸಲ ಉಜ್ಜಿ ಬಿಟ್ಟರೆ ಫ್ಲಕ್ಸ್ ಕರಗಿ ಬೋರ್ಡಿನ ತುಂಬ ತೆಳ್ಳಗೆ ಹರಡುತ್ತದೆ, ಮೊದಲಿಗಿಂತ ಕೆಟ್ಟದು. ಉಜ್ಜಿದ ಮೇಲೆ ಹೊಸ ಆಲ್ಕೋಹಾಲ್ ಸುರಿದು ತೊಳೆಯಬೇಕು, ಮತ್ತೆ ಉಜ್ಜಬೇಕು, ಮೂರು ಸಲವಾದರೂ. ಇದು ಬೇಗ ಬೆಂಕಿ ಹಿಡಿಯುವ ದ್ರವ. ಬಚ್ಚಲ ಒಲೆ ಹತ್ತಿರ ಒಣಗಿಸಲು ಹೋಗಬೇಡಿ, ಗಾಳಿಯಾಡುವ ಜಗಲಿಯಲ್ಲಿ ಆರಲಿ. ಆಮೇಲೆ ಬೇಕಾದರೆ ಬಲ್ಬಿನ ಕೆಳಗೆ ಒಂದು ರಾತ್ರಿ.

ಒಣಗಿದ ಮೇಲೆ ಮತ್ತೆ ಊದುವ ಪರೀಕ್ಷೆ. ದೀಪ ನಿಲ್ಲಲಿಲ್ಲ. ಫ್ರಿಜ್‌ನಿಂದ ತೆಗೆದಾಗಲೂ ನಿಲ್ಲಲಿಲ್ಲ. ಆಮೇಲೆ ಮಾತ್ರ ಅಕ್ರಿಲಿಕ್ ಲೇಪನ ಹೊಡೆದೆ. ಈ ಕ್ರಮ ತಪ್ಪಿಸಬೇಡಿ. ಕೊಳೆ ಇರುವಾಗಲೇ ಲೇಪನ ಹೊಡೆದರೆ ಕೊಳೆಯನ್ನು ಒಳಗೇ ಮುಚ್ಚಿಟ್ಟ ಹಾಗೆ. ಕಾರ್ಡಿನ ಸಾಕೆಟ್, ಸೆಲ್‌ನ ಹಿಡಿಕೆ, ಡಿಎಚ್‌ಟಿ22ರ ಜಾಲರಿ ಇವಕ್ಕೆ ಮೊದಲೇ ಟೇಪ್ ಅಂಟಿಸಿ. ವಿನಿಗರ್ ವಾಸನೆ ಬರುವ ಸಿಲಿಕಾನ್ ಅಂಟನ್ನು ಬೋರ್ಡಿಗೆ ಮುಟ್ಟಿಸಲೇಬೇಡಿ, ಅದು ಆರುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಲಿಲ್ಲ, ತಳದಲ್ಲಿ 3 ಮಿಲಿಮೀಟರ್‌ನ ಎರಡು ತೂತು ಹಾಕಿ ಇರುವೆ ಬರದಂತೆ ಸಣ್ಣ ಸ್ಟೀಲ್ ಬಲೆ ಅಂಟಿಸಿದೆ. ಹನಿಯಾದದ್ದು ಕೆಳಗೆ ಇಳಿಯಲಿ, ಹಗಲು ಆರಲಿ ಅಂತ. ವೈರುಗಳು ಪೆಟ್ಟಿಗೆಗೆ ಕೆಳಗಿನಿಂದಲೇ ಬರಲಿ, ಬರುವ ಮೊದಲು ಒಂದು ಸಲ ಜೋತುಬಿದ್ದು ಮೇಲೇರಲಿ. ನೀರು ಆ ಜೋತಲ್ಲೇ ತೊಟ್ಟಿಕ್ಕುತ್ತದೆ.

ಹೊಸದಾಗಿ ಬೋರ್ಡು ಮಾಡುವವರು ಡಿಎಸ್1307 ಬಿಟ್ಟು ಡಿಎಸ್3231 ಹಾಕಿ. ಕ್ರಿಸ್ಟಲ್ ಚಿಪ್ಪಿನ ಒಳಗೇ ಇದೆ, ತೇವ ಮುಟ್ಟುವುದಿಲ್ಲ. 0ಯಿಂದ 40 ಡಿಗ್ರಿವರೆಗೆ ಹತ್ತು ಲಕ್ಷಕ್ಕೆ 2ರಷ್ಟು ಮಾತ್ರ ಹೆಚ್ಚು ಕಡಿಮೆ, ಅಂದರೆ ತಿಂಗಳಿಗೆ 5 ಸೆಕೆಂಡು. ಆದರೆ ಅಂಗಡಿಯಲ್ಲಿ ಸಿಗುವ ನೀಲಿ ಮಾಡ್ಯೂಲ್ ತಂದರೆ ಒಂದು ಎಚ್ಚರ. ಅದರಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ, ಅದು ಚಾರ್ಜ್ ಆಗುವ ಎಲ್‌ಐಆರ್2032 ಸೆಲ್‌ಗೆ ಮಾಡಿದ್ದು. ಸಾಮಾನ್ಯ ಸಿಆರ್2032 ಹಾಕುವುದಾದರೆ ಆ ದಾರಿಯಲ್ಲಿರುವ 200 ಓಮ್ ರೆಸಿಸ್ಟರ್ ಅಥವಾ ಡಯೋಡ್ ತೆಗೆಯಿರಿ. ಇಲ್ಲದಿದ್ದರೆ ಸೆಲ್ ಉಬ್ಬುತ್ತದೆ, ಸೋರುತ್ತದೆ.

ಲಕ್ಷಣ ಬೇರೆ ಇದ್ದರೆ

ಸಮಯ 165:165:85 ಅಂತ ಬಂದರೆ ಅದು ಮೇಲಿನ ದೋಷ ಅಲ್ಲ. ಚಿಪ್ಪಿನಿಂದ ಉತ್ತರವೇ ಬರುತ್ತಿಲ್ಲ, ಎಲ್ಲಾ ಬಿಟ್‌ಗಳೂ 1 ಅಂತ ಓದಿದರೆ ಆ ಅಂಕಿ ಆಗುತ್ತದೆ. ಡೇಟಾ ಮತ್ತು ಕ್ಲಾಕ್ ಗೆರೆಗಳ 4.7 ಕಿಲೋಓಮ್ ರೆಸಿಸ್ಟರ್ ಇದೆಯಾ, ಬೆಸುಗೆ ಬಿಟ್ಟಿದೆಯಾ ನೋಡಿ. ಡಿಎಸ್1307ಕ್ಕೆ 3.3 ವೋಲ್ಟ್ ಕೊಟ್ಟಿದ್ದರೂ ಹೀಗೇ. ಅದಕ್ಕೆ ಕನಿಷ್ಠ 4.5 ಬೇಕು, ಸೆಲ್ ವೋಲ್ಟೇಜಿನ 1.25 ಪಟ್ಟಿಗಿಂತ ಕೆಳಗೆ ಇಳಿದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ.

ಫೈಲಿನ ನಡುವೆ ಮತ್ತೆ ಮತ್ತೆ ಶುರುವಿನ ಸಾಲು ಕಂಡರೆ ಬೋರ್ಡು ರೀಸೆಟ್ ಆಗುತ್ತಿದೆ. ಎಸ್‌ಡಿ ಕಾರ್ಡ್ ಬರೆಯುವ ಕ್ಷಣ 100 ಮಿಲಿಆಂಪ್‌ವರೆಗೂ, ಕೆಲವು ಅದಕ್ಕಿಂತ ಜಾಸ್ತಿಯೂ ಎಳೆಯುತ್ತವೆ. ಮನೆಯಲ್ಲಿ ಮಾಡಿದ ಬೋರ್ಡಿನ ಗೆರೆ ಎಲ್ಲೋ ಕೂದಲಿನಷ್ಟು ಸೀಳಿದ್ದರೆ ಅಲ್ಲಿ ವೋಲ್ಟೇಜ್ ಬೀಳುತ್ತದೆ. ಬೋರ್ಡನ್ನು ಬಿಸಿಲಿಗೆ ಹಿಡಿದರೆ ಸೀಳು ಕಾಣುತ್ತದೆ. ಗೆರೆಯ ಮೇಲೆ ಬೆಸುಗೆ ಹರಿಸಿ ದಪ್ಪ ಮಾಡಿ, ಕಾರ್ಡಿನ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಹಾಕಿ. ಇದನ್ನು ಮಲ್ಟಿಮೀಟರ್‌ನಲ್ಲಿ ಹಿಡಿಯಲು ಆಗುವುದಿಲ್ಲ, ಅದು ಅಷ್ಟು ಬೇಗ ಓದುವುದಿಲ್ಲ. ಎಟಿಮೆಗಾದ ಎಂಸಿಯುಎಸ್‌ಆರ್ ರಿಜಿಸ್ಟರ್ ನೋಡಿ, ರೀಸೆಟ್ ಆದದ್ದು ವೋಲ್ಟೇಜ್ ಬಿದ್ದದ್ದಕ್ಕಾ, ವಾಚ್‌ಡಾಗ್‌ನಿಂದಲಾ ಅಂತ ಅದೇ ಹೇಳುತ್ತದೆ. ಬೂಟ್‌ಲೋಡರ್ (ನಿಮ್ಮ ಕೋಡಿಗಿಂತ ಮೊದಲು ಓಡುವ ಸಣ್ಣ ಪ್ರೋಗ್ರಾಂ) ಇದ್ದರೆ ಅದು ಈ ಗುರುತನ್ನು ಅಳಿಸಿರಬಹುದು, ಹಾಗಾಗಿ ಪರೀಕ್ಷೆಗೆ ಬೂಟ್‌ಲೋಡರ್ ಇಲ್ಲದೆ ನೇರ ಪ್ರೋಗ್ರಾಮರ್‌ನಿಂದ ಕೋಡ್ ಹಾಕಿ.

ಬ್ಯಾಟರಿ ಬೇಗ ಇಳಿದರೆ ರೆಗ್ಯುಲೇಟರ್‌ಗಳನ್ನು ನೋಡಿ. 7805 ಸುಮ್ನೆ ಇರುವಾಗಲೂ ಸುಮಾರು 5 ಮಿಲಿಆಂಪ್ ತಿನ್ನುತ್ತದೆ, ಕಾರ್ಡಿಗೆ ಹಾಕುವ ಎಎಂಎಸ್1117 ಕೂಡ ಅಷ್ಟೇ. ಎರಡೂ ಸೇರಿ ದಿನಕ್ಕೆ 240 ಮಿಲಿಆಂಪ್ ಅವರ್. ಮೈಕ್ರೋಕಂಟ್ರೋಲರನ್ನು ಎಷ್ಟು ಚೆನ್ನಾಗಿ ಮಲಗಿಸಿದರೂ ಈ ಖರ್ಚು ಕಡಿಮೆಯಾಗುವುದಿಲ್ಲ. ಅಡಿಕೆ ಮರದ ನೆರಳಲ್ಲಿ ಸೋಲಾರ್ ತಟ್ಟೆಯಿಂದ ಅಷ್ಟು ವಾಪಸ್ ಬರುವುದು ಕಷ್ಟ.

ಕಾರ್ಡ್ ಓದುತ್ತಲೇ ಇಲ್ಲ ಅಂದರೆ ಮೊದಲು ಅದು 32 ಜಿಬಿ ಅಥವಾ ಕಡಿಮೆಯಾ, ಫ್ಯಾಟ್32 ಆಗಿದೆಯಾ ನೋಡಿ. ಮಳೆಯ ಲೆಕ್ಕ ದುಪ್ಪಟ್ಟು ಬಂದರೆ ಮಳೆಮಾಪಕದ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ಸ್ವಿಚ್) ಒಂದು ಮಗುಚಿಗೆ ಎರಡು ಸಲ ಬಡಿಯುತ್ತಿದೆ, ಒಂದು ಎಣಿಸಿದ ಮೇಲೆ ಕೋಡ್ 100 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳಲಿ. ನೋಡಲು ಸುಲಭ. 20 ಸೆಂಟಿಮೀಟರ್ ಅಗಲದ ಬಾಯಿ, 0.2 ಮಿಲಿಮೀಟರ್‌ಗೆ ಒಂದು ಮಗುಚು ಆದರೆ ಅರ್ಧ ಲೀಟರ್ ನೀರು ನಿಧಾನವಾಗಿ ಸುರಿದಾಗ 80ರ ಹತ್ತಿರ ಬರಬೇಕು. ತೇವಾಂಶ ದಿನಗಟ್ಟಲೆ 99.9ರಲ್ಲೇ ನಿಂತರೆ ಗಾಬರಿ ಬೇಡ, ನಮ್ಮ ಕಡೆ ಮಳೆಗಾಲದಲ್ಲಿ ಅದು ನಿಜವೇ ಇರಬಹುದು. ಅನುಮಾನ ಇದ್ದರೆ ಡಬ್ಬಿಯಲ್ಲಿ ಅಡುಗೆ ಉಪ್ಪಿಗೆ ಸ್ವಲ್ಪ ನೀರು ಹಾಕಿ ಒದ್ದೆ ಮರಳಿನ ಹಾಗೆ ಮಾಡಿ, ಸಂವೇದಕವನ್ನು ಉಪ್ಪಿಗೆ ತಾಗದಂತೆ ಒಳಗೆ ಇಟ್ಟು ಮುಚ್ಚಿ ಒಂದು ರಾತ್ರಿ ಬಿಡಿ. ಶೇಕಡಾ 75ರ ಹತ್ತಿರ ಬರಬೇಕು.

ತೋಟಕ್ಕೆ ವಾಪಸ್ ಇಟ್ಟ ಮೇಲೆ ಹತ್ತು ದಿನದ ಫೈಲು ಅಪ್ಪಯ್ಯ ಕಾರ್ಡ್ ಸಮೇತ ಬಸ್ಸಿನಲ್ಲಿ ಕಳಿಸಿಕೊಟ್ಟರು. ಸಾಲು ಎಣಿಸಿದೆ. ಪ್ರತಿ ತಾರೀಖಿಗೂ 141, ಎರಡು ದಿನ ಮಾತ್ರ 140. ಅತಿ ಹೆಚ್ಚು ತಾಪ ಎಲ್ಲಾ ದಿನವೂ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ಒಳಗೆ.